ಕೈಗೆ ಕಟ್ಟುವ ಅಲಾರಂ: ಆರಿಸುವುದು, ಚಾವಿ ಕೊಡುವುದು, ಉಪ್ಪುಗಾಳಿಯಲ್ಲಿ ಉಳಿಸಿಕೊಳ್ಳುವುದು

ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಲಿಕ್ಕೆ ಎಂದಾದರೆ ಮೆಕ್ಯಾನಿಕಲ್ ಅಲಾರಂ ವಾಚು ಕೊಳ್ಳಬೇಡಿ. ಆ ಕೆಲಸಕ್ಕೆ ಫೋನು ಸಾಕು. ಈ ವಾಚು ಬಡಿಯುವುದು ಹತ್ತರಿಂದ ಇಪ್ಪತ್ತು ಸೆಕೆಂಡು. ಅಷ್ಟರೊಳಗೆ ಕಣ್ಣು ಬಿಡದಿದ್ದರೆ ಅದು ತನ್ನ ಪಾಡಿಗೆ ಸುಮ್ಮನಾಗುತ್ತದೆ, ಮತ್ತೆ ಕರೆಯುವುದಿಲ್ಲ. ಇದು ಇರುವುದು ಎಚ್ಚರವಾಗಿದ್ದೂ ಹೊತ್ತು ಮರೆಯುವ ಜನಕ್ಕೆ. ನನ್ನಂಥವರಿಗೆ.

ನಾನು ಕಾರವಾರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ತವರು ಶಿರಸಿಯ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಶಾಲೆಯಲ್ಲಿ ಫೋನು ಸ್ಟಾಫ್ ರೂಮಿನ ಕಪಾಟಿನೊಳಗೆ. ತೋಟಕ್ಕಿಳಿದರೆ ಫೋನು ಕೈಯಲ್ಲಿದ್ದರೂ ಮಣ್ಣು, ಚೊಗರು ಹತ್ತಿದ ಬೆರಳಿಗೆ ಅದರ ಪರದೆ ಓಗೊಡುವುದಿಲ್ಲ. ಎರಡೂ ಕಡೆ ಕೈಗೆ ಕಟ್ಟಿದ ಅಲಾರಂ ಬಡಿಯುತ್ತದೆ. ಪೀರಿಯಡ್ ಮುಗಿಯಲು ಹತ್ತು ನಿಮಿಷ ಇದೆ ಎನ್ನುವಾಗ ಮಣಿಕಟ್ಟು ಗುರ್ರೆನ್ನುತ್ತದೆ, ನಾನು ಪ್ರಮೇಯ ಅಲ್ಲಿಗೇ ನಿಲ್ಲಿಸಿ ಹೋಂವರ್ಕ್ ಬರೆಸುತ್ತೇನೆ. ಮಕ್ಕಳು ಈಗ ನನಗಿಂತ ಮೊದಲು ಆ ಸದ್ದಿಗೆ ಕಿವಿಗೊಟ್ಟು ಪುಸ್ತಕ ಮುಚ್ಚಲು ಶುರುಮಾಡುತ್ತಾರೆ, ಅದು ಬೇರೆ ಮಾತು. ಊರಿಗೆ ಹೋದಾಗ ಅಮ್ಮ ಕೇಳಿದ್ದು: "ನಿನ್ನ ಕೈಯಲ್ಲಿ ಎಂತುದೇ ಅದು ಕೂಗ್ತಾ ಇದ್ದು?"

ಸದ್ದಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದರ ಮೋಹವೆಲ್ಲ ಅಲ್ಲೇ ಇದೆ. ಸಂಗೀತದ ಲವಲೇಶವೂ ಇಲ್ಲದ ಒರಟು ಸದ್ದು ಇದು. ಒಂದು ಪುಟ್ಟ ಸುತ್ತಿಗೆ ಲೋಹದ ಮೇಲೆ ಎಡೆಬಿಡದೆ ಹೊಡೆಯುತ್ತದೆ. ಆರಂಭದಲ್ಲಿ ಹೊಡೆತಗಳು ಒಂದಕ್ಕೊಂದು ಅಂಟಿಕೊಂಡು ಗುರ್ರೆನ್ನುತ್ತವೆ. ಚಾವಿ ಇಳಿಯುತ್ತ ಬಂದಂತೆ ಸಡಿಲಾಗಿ, ಕೊನೆಗೆ ಒಂದೊಂದೇ ಎಣಿಸುವಷ್ಟು ಬಿಡಿಯಾಗಿ ನಿಲ್ಲುತ್ತವೆ. ಬೆಳಿಗ್ಗೆ ನೀವೇ ಬೆರಳಿನಿಂದ ತುಂಬಿದ ಬಲ ಮಧ್ಯಾಹ್ನ ನಿಮ್ಮ ಚರ್ಮದ ಮೇಲೇ ಖರ್ಚಾಗುವುದು ಗೊತ್ತಾಗುತ್ತದೆ. ಬ್ಯಾಟರಿಯ ಬೀಪ್ ಸದ್ದಿಗೆ ಈ ಲೆಕ್ಕಾಚಾರ ಇಲ್ಲ.

ಒಳಗೆ ಏನಾಗುತ್ತದೆ

ಇಷ್ಟು ತಿಳಿದಿದ್ದರೆ ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳಿಗೂ ಕಾರಣ ಸಿಗುತ್ತದೆ. ಸಾಮಾನ್ಯವಾಗಿ ಇವುಗಳಲ್ಲಿ ಸ್ಪ್ರಿಂಗಿನ ಡಬ್ಬಿ ಎರಡು. ಒಂದು ಗಡಿಯಾರ ನಡೆಸಲಿಕ್ಕೆ, ಇನ್ನೊಂದು ಬಡಿಯಲಿಕ್ಕೆ ಮಾತ್ರ. ಡಯಲ್ಲಿನ ಕೆಳಗೆ ಗಂಟೆಯ ಚಕ್ರ, ಅದರ ಜೊತೆಗೇ ಅಲಾರಂ ಮುಳ್ಳಿನ ಚಕ್ರ. ಒಂದರಲ್ಲಿ ಉಬ್ಬು, ಇನ್ನೊಂದರಲ್ಲಿ ತಗ್ಗು. ಗಂಟೆಯ ಚಕ್ರ ನಿಧಾನ ತಿರುಗುತ್ತ ಬಂದು ಉಬ್ಬು ತಗ್ಗಿನ ಎದುರು ನಿಂತ ಕ್ಷಣ ಅದರೊಳಗೆ ಬೀಳುತ್ತದೆ, ಚಕ್ರ ಕೂದಲೆಳೆಯಷ್ಟು ಸರಿಯುತ್ತದೆ, ಸುತ್ತಿಗೆಯನ್ನು ಹಿಡಿದಿದ್ದ ಸನ್ನೆ ಬಿಡುತ್ತದೆ. ತಗ್ಗಿನ ಒಂದು ಬದಿ ಇಳಿಜಾರು, ಇನ್ನೊಂದು ನೆಟ್ಟಗಿನ ಗೋಡೆ. ಗಡಿಯಾರ ಮುಂದೆ ನಡೆಯುವಾಗ ಉಬ್ಬು ಇಳಿಜಾರು ಹತ್ತಿ ಹೊರಬರುತ್ತದೆ. ಹಿಂದಕ್ಕೆ ತಿರುಗಿಸಿದರೆ ಗೋಡೆಗೆ ಢಿಕ್ಕಿ.

ಇಡೀ ಆಟ ನಡೆಯುವುದು 12 ಗಂಟೆಗೆ ಒಂದು ಸುತ್ತು ಬರುವ ಚಕ್ರದ ಮೇಲೆ. ಆ ಚಕ್ರದಲ್ಲಿ ಒಂದು ನಿಮಿಷವೆಂದರೆ ಅರ್ಧ ಡಿಗ್ರಿ. ಐದು ನಿಮಿಷ ಆಚೀಚೆ ಆಗುವುದು ಅದರ ಜಾಯಮಾನ. ನಿಮಿಷಕ್ಕೆ ಸರಿಯಾಗಿ ಬಡಿಯಬೇಕು ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು, ಬೇಸರವಿಲ್ಲ.

ಯಾವುದನ್ನು ಕೊಳ್ಳುವುದು

ಎಟರ್ನಾ ಕಂಪನಿ 1908ರಲ್ಲೇ ಕೈಗಡಿಯಾರದ ಅಲಾರಮ್ಮಿಗೆ ಪೇಟೆಂಟ್ ಪಡೆದು 1914ರಲ್ಲಿ ಬರ್ನ್ ನಗರದ ಪ್ರದರ್ಶನದಲ್ಲಿ ವಾಚನ್ನೇ ತಂದಿಟ್ಟಿತ್ತು. ಆದರೆ ಅಷ್ಟು ಚಿಕ್ಕ ಡಬ್ಬಿಯಿಂದ ಕೇಳುವಂಥ ಸದ್ದು ಹೊರಡಿಸುವುದು ಸುಲಭವಿರಲಿಲ್ಲ. ಅದನ್ನು ಬಗೆಹರಿಸಿದ್ದು 1947ರ ವಲ್ಕೇನ್ ಕ್ರಿಕೆಟ್. ಇಲ್ಲಿ ಕ್ರಿಕೆಟ್ ಎಂದರೆ ಆಟವಲ್ಲ, ಜೀರುಂಡೆ. ಬೆನ್ನಿಗೆ ಎರಡು ಮುಚ್ಚಳ: ಒಳಗಿನದು ಸುತ್ತಿಗೆಯ ಏಟಿಗೆ ಕಂಪಿಸುವ ಪೊರೆ, ಹೊರಗಿನದಕ್ಕೆ ತೂತು. ಕೈಗೆ ಕಟ್ಟಿದ್ದರೂ ಸದ್ದು ತೂತಿನಿಂದ ಹೊರಬರುತ್ತದೆ. ಅಷ್ಟು ಸಣ್ಣ ಜೀರುಂಡೆ ಅಷ್ಟು ದೂರ ಕೇಳುವುದಾದರೆ ವಾಚಿಗೇಕೆ ಆಗದು ಎಂದು ಭೌತವಿಜ್ಞಾನಿ ಪಾಲ್ ಲಾಂಜೆವಾನ್ ಧೈರ್ಯ ಹೇಳಿದ್ದರಂತೆ. ಮಳೆಗಾಲದಲ್ಲಿ ಶಿರಸಿ ಕಡೆ ಒಂದು ರಾತ್ರಿ ಕಳೆದವರು ಆ ವಾದವನ್ನು ತಕ್ಷಣ ಒಪ್ಪುತ್ತಾರೆ. ಅಮೆರಿಕದ ಅಧ್ಯಕ್ಷರಾದ ಟ್ರೂಮನ್, ಐಸೆನ್‌ಹೋವರ್, ಜಾನ್ಸನ್ ಎಲ್ಲ ಕಟ್ಟಿದ್ದರಿಂದ ಅದಕ್ಕೆ ಅಧ್ಯಕ್ಷರ ವಾಚು ಎಂಬ ಹೆಸರೂ ಬಂತು. ಸದ್ದೇ ಮುಖ್ಯ, ದುಡ್ಡೂ ಇದೆ ಎಂದಾದರೆ ಇದು.

ಜೆಜರ್-ಲಕೂಲ್ಟ್ರ್ ಕಂಪನಿಯ ಮೆಮೊವಾಕ್ಸ್ 1950ರದು. 1956ರಲ್ಲಿ ಅದರ ಆಟೊಮ್ಯಾಟಿಕ್ (ಕೈ ಅಲ್ಲಾಡಿದ ಬಲದಿಂದಲೇ ಚಾವಿ ಏರುವ ಬಗೆ) ಬಂತು, ಅಲಾರಂ ವಾಚುಗಳಲ್ಲಿ ಅದೇ ಮೊದಲ ಆಟೊಮ್ಯಾಟಿಕ್. ಚೆಂದದ ವಸ್ತು, ಲಕ್ಷಗಳ ಮಾತು. ನೋಡಿ ಸಂತೋಷಪಟ್ಟಿದ್ದೇನೆ, ಮುಂದೆ ಹೋಗೋಣ.

ನಮ್ಮಂಥವರಿಗೆ ಎಟಕುವುದು ಎರಡು. ಒಂದು, ಪೋಲ್ಯೊಟ್. ಗಗಾರಿನ್ 1961ರಲ್ಲಿ ಬಾಹ್ಯಾಕಾಶಕ್ಕೆ ಕಟ್ಟಿಕೊಂಡು ಹೋದ ವಾಚನ್ನು ತಯಾರಿಸಿದ ಮಾಸ್ಕೋದ ಮೊದಲ ವಾಚ್ ಕಾರ್ಖಾನೆಯದೇ ಇದು. ಒಳಗಿನ 2612 ಯಂತ್ರ ಸ್ವಿಸ್ ಎ. ಶಿಲ್ಡ್ ಕಂಪನಿಯ 1475ರ ಜಾಡಿನದು. ಆ 1475 ಯಂತ್ರವನ್ನು ಎಷ್ಟೋ ಸ್ವಿಸ್ ಕಂಪನಿಗಳು ತಮ್ಮ ತಮ್ಮ ಹೆಸರಿನಲ್ಲಿ ಮಾರಿದವು, ಟ್ಯೂಡರ್ ಅಡ್ವೈಸರ್ ಕೂಡ ಅದೇ. ಬಲಗಡೆ ಎರಡು ತಿರುಪು: 2ರ ಹತ್ತಿರದ್ದು ಅಲಾರಮ್ಮಿಗೆ, 4ರ ಹತ್ತಿರದ್ದು ಸಮಯಕ್ಕೆ. ನನ್ನ ಕೈಯಲ್ಲಿರುವುದು ಪೋಲ್ಯೊಟ್. ಅಂಗಡಿಯಲ್ಲಿ "ಮೇಡಂ, ಅದು ಜೆಂಟ್ಸ್ ವಾಚು" ಎಂದರು. ಆ ಕಾಲದ ಜೆಂಟ್ಸ್ ವಾಚು ಈಗಿನ ಲೆಕ್ಕದಲ್ಲಿ ಚಿಕ್ಕದು, ಹೆಂಗಸರ ಮಣಿಕಟ್ಟಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ. ಧೈರ್ಯವಾಗಿ ಕೇಳಿ ಪಡೆಯಿರಿ.

ಎರಡು, ಸೀಕೊ ಬೆಲ್-ಮ್ಯಾಟಿಕ್, 1966ರಿಂದ. ಇದರಲ್ಲಿ ಸಮಯ ನಡೆಯುವುದು ಕೈ ಅಲ್ಲಾಡಿದ ಬಲದಿಂದ, ಅಲಾರಮ್ಮಿಗೆ ಮಾತ್ರ ನೀವೇ ಚಾವಿ ಕೊಡಬೇಕು. ಅಲಾರಂ ಮುಳ್ಳಿನ ಬದಲು ಡಯಲ್ಲಿನ ಅಂಚಿನಲ್ಲಿ ತಿರುಗುವ ಉಂಗುರ. ವಾರ, ತಾರೀಖು ಎಲ್ಲ ಇದೆ. ಒಳ್ಳೆಯದೇ; ಆದರೆ ಯಂತ್ರ ಜಟಿಲ, ನಮ್ಮ ಊರುಗಳಲ್ಲಿ ಅದನ್ನು ಬಿಚ್ಚಿ ಸರಿಯಾಗಿ ಕೂರಿಸುವ ಕೈ ಸಿಗುವುದು ಕಷ್ಟ. ರಿಪೇರಿಯವರು ನಿಮಗೆ ಗೊತ್ತಿದ್ದರೆ ಸೀಕೊ, ಇಲ್ಲದಿದ್ದರೆ ಪೋಲ್ಯೊಟ್. ನನ್ನ ತೀರ್ಪು ಇಷ್ಟೇ.

ಕೊಳ್ಳುವ ಮೊದಲು ಅಂಗಡಿಯಲ್ಲೇ

ಫೋಟೊ ನೋಡಿ ಕೊಳ್ಳುವುದಾದರೆ ಬಡಿಯುವ ವಿಡಿಯೊ ಕೇಳಿ, ಅದೂ ಆರಂಭದಿಂದ ಕೊನೆಯವರೆಗೆ. ಎದುರಿಗಿದ್ದರೆ ಹೀಗೆ ಮಾಡಿ. ಪೋಲ್ಯೊಟ್ ಬಗೆಯದಾದರೆ ಮೇಲಿನ ತಿರುಪನ್ನು ಒಳಗಿರುವಂತೆಯೇ ತಿರುಗಿಸಿ ಚಾವಿ ಕೊಡಿ. ಬಿಗಿ ಏರುತ್ತ ಹೋಗಿ ಒಂದು ಕಡೆ ನಿಲ್ಲಬೇಕು. ಎಷ್ಟು ತಿರುಗಿಸಿದರೂ ನಿಲ್ಲದಿದ್ದರೆ ಸ್ಪ್ರಿಂಗ್ ಕೈಕೊಟ್ಟಿದೆ. ಬಳಿಕ ಅದನ್ನು ಹೊರಕ್ಕೆಳೆದು ಅಲಾರಂ ಮುಳ್ಳನ್ನು 12ಕ್ಕೆ ತನ್ನಿ. ಈಗ ಕೆಳಗಿನ ತಿರುಪು ಎಳೆದು ಗಂಟೆ-ನಿಮಿಷದ ಮುಳ್ಳುಗಳನ್ನು ಮುಂದಕ್ಕೆ, ಮುಂದಕ್ಕೆ ಮಾತ್ರ, ನಿಧಾನ ತಿರುಗಿಸುತ್ತ 12ರ ಹತ್ತಿರ ಬನ್ನಿ. ಯಾವ ನಿಮಿಷಕ್ಕೆ ಬಡಿಯಿತೆಂದು ನೋಡಿ. ಐದು ನಿಮಿಷದ ಅಂತರ ಇದ್ದದ್ದೇ. ಇಪ್ಪತ್ತು ನಿಮಿಷ ಇದ್ದರೆ ಹಿಂದೆ ಬಿಚ್ಚಿದವರು ಮುಳ್ಳನ್ನು ವಾರೆ ಕೂರಿಸಿದ್ದಾರೆ; ಸರಿಪಡಿಸಬಹುದಾದ ದೋಷ, ಬೆಲೆ ಇಳಿಸಲಿಕ್ಕೆ ಒಳ್ಳೆಯ ನೆಪ.

ಸದ್ದು ಬಾರದೆ ಒಳಗೆ ಬರೀ ನಡುಕ ಕೇಳಿಸಿದರೆ ಹಿಂದಿನ ಮುಚ್ಚಳದ ಮೇಲೆ ಅನುಮಾನಪಡಿ. ಈ ಯಂತ್ರಗಳಲ್ಲಿ ಸುತ್ತಿಗೆ ಹೊಡೆಯುವುದು ಮುಚ್ಚಳದ ಒಳಮೈಗೆ ಹಚ್ಚಿದ ಒಂದು ಮೊಳೆಗೆ. ಬೇರೆ ವಾಚಿನ ಮುಚ್ಚಳ ಹಾಕಿದ್ದರೆ ಮೊಳೆಯೇ ಇರುವುದಿಲ್ಲ. ಸರಿಯಾದ ಮುಚ್ಚಳವನ್ನೇ ತಿರುಗುಮುರುಗಾಗಿ ಒತ್ತಿದ್ದರೂ ಸುತ್ತಿಗೆಗೆ ಮೊಳೆ ಸಿಗುವುದಿಲ್ಲ. ಒಮ್ಮೆ ತೆಗೆಸಿ ನೋಡಿ.

ಹೊಸದಾಗಿ ಬಣ್ಣ ಬಳಿದ ಡಯಲ್ಲಿನಿಂದ ದೂರವಿರಿ. ಅರವತ್ತು ವರ್ಷದ ವಾಚಿನ ಮುಖ ನಿನ್ನೆ ಸುಣ್ಣ ಹೊಡೆದ ಗೋಡೆಯಂತೆ ಹೊಳೆಯುತ್ತಿದ್ದರೆ ಅಡಿಯಲ್ಲಿ ತುಕ್ಕಿದೆ ಎಂದೇ ಲೆಕ್ಕ. ಇನ್ನೊಂದು ಮಾತು, ಇದನ್ನು ಹಗುರ ಮಾಡಬೇಡಿ: 1960ರ ದಶಕದವರೆಗೆ ಮುಳ್ಳು, ಅಂಕಿಗಳಿಗೆ ಹೊಳೆಯುವ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಹೊಳಪು ಸತ್ತಿದ್ದರೂ ರೇಡಿಯಂ ಸತ್ತಿರುವುದಿಲ್ಲ, ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿರುವ ಬಣ್ಣ ಕಂಡರೆ ಮನೆಯಲ್ಲಿ ಗಾಜು ತೆಗೆಯಲು ಹೋಗಬೇಡಿ, ಆ ಧೂಳು ಉಸಿರಿಗೆ ಹೋಗಬಾರದು.

ದಿನದ ಬಳಕೆ

ಬೆಳಿಗ್ಗೆ ಸಮಯದ ಚಾವಿಯನ್ನು ತುಂಬ ಕೊಡಿ, ಕೈಯಿಂದ ಬಿಚ್ಚಿಟ್ಟುಕೊಂಡು. ಕಟ್ಟಿಕೊಂಡೇ ತಿರುಗಿಸಿದರೆ ತಿರುಪಿನ ದಂಡ ವಾರೆಯಾಗಿ ಸವೆಯುತ್ತದೆ. ಅಲಾರಂ ಚಾವಿ ಮಾತ್ರ ಬೇಕಾದಾಗ ಕೊಟ್ಟರೆ ಸಾಕು. ಕೊಡುವುದಾದರೆ ಪೂರ್ತಿ ಕೊಡಿ. ಅರ್ಧ ಚಾವಿಯ ಸದ್ದು ತರಗತಿಯ ಗಲಾಟೆಯಲ್ಲಿ ಮುಳುಗಿಹೋಗುತ್ತದೆ.

ಪೋಲ್ಯೊಟ್‌ನಲ್ಲಿ ಮೇಲಿನ ತಿರುಪು ಹೊರಗಿದ್ದರೆ ಬಡಿಯುತ್ತದೆ, ಒಳಗೆ ಒತ್ತಿದರೆ ಬಾಯಿ ಮುಚ್ಚುತ್ತದೆ. ಬಡಿಯುತ್ತಿರುವಾಗ ಒತ್ತಿ ನಿಲ್ಲಿಸಿದರೆ ಉಳಿದ ಚಾವಿ ಒಳಗೇ ಇರುತ್ತದೆ. ಚಕ್ರ 12 ಗಂಟೆಯದು ಎಂಬುದನ್ನು ನೆನಪಿಡಿ: ಮಧ್ಯಾಹ್ನ 2ಕ್ಕೆ ಇಟ್ಟದ್ದನ್ನು ಒತ್ತಿ ನಿಲ್ಲಿಸಿ, ಆಮೇಲೆ ತಿರುಪನ್ನು ಮತ್ತೆ ಹೊರಗೆಳೆದಿಟ್ಟು ಮಲಗಿದರೆ ನಡುರಾತ್ರಿ 2ಕ್ಕೂ ಅದು ತನ್ನ ಕರ್ತವ್ಯ ಮಾಡುತ್ತದೆ. ನಾಳೆ ಸಂಜೆಗೆ ಇವತ್ತೇ ಇಡುವ ಹಾಗಿಲ್ಲ. ಮುಂದಿನ 12 ಗಂಟೆಯೊಳಗಿನ ಒಂದೇ ಒಂದು ಕೆಲಸ, ಅಷ್ಟನ್ನೇ ಇದು ಹೊತ್ತುಕೊಳ್ಳುವುದು. ಬೆಲ್-ಮ್ಯಾಟಿಕ್‌ನಲ್ಲಿ 2ರ ಬಳಿಯ ಗುಂಡಿ ಎಳೆದರೆ ಸಿದ್ಧ, ಒತ್ತಿದರೆ ಮೌನ. 3ರ ತಿರುಪನ್ನು ಒಂದು ಹಂತ ಎಳೆದು ಉಂಗುರ ತಿರುಗಿಸಬೇಕು, ಎರಡನೇ ಹಂತಕ್ಕೆ ಸಮಯ. ವಲ್ಕೇನ್‌ನಲ್ಲಿ ಒಂದೇ ತಿರುಪು, ಒಂದು ದಿಕ್ಕಿಗೆ ಸಮಯದ ಚಾವಿ, ಇನ್ನೊಂದು ದಿಕ್ಕಿಗೆ ಅಲಾರಮ್ಮಿನದು.

ಮುಳ್ಳು ತಿರುಗಿಸುವಾಗ ತಡೆ ಸಿಕ್ಕರೆ ಬಲ ಹಾಕಬೇಡಿ. ಮೇಲೆ ಹೇಳಿದ ಗೋಡೆ ಅದು. ದಿಕ್ಕು ಬದಲಿಸಿ ಹೋಗಿ. ಅಲಾರಂ ಈಗಷ್ಟೇ ಬಡಿದಿದ್ದರೆ ಗಂಟೆಯ ಮುಳ್ಳನ್ನು ಹಿಂದಕ್ಕೆ ತರುವುದಂತೂ ಬೇಡವೇ ಬೇಡ. ಎರಡು ನಿಮಿಷ ಮುಂದಿದೆ ಎಂದು ಹಿಂದೆಳೆಯುವ ಬದಲು ಆ ಹೊತ್ತು ದಾಟಿದ ಮೇಲೆ ಸರಿಮಾಡಿ.

ನಿಮ್ಮ ವಾಚಿನ ಓರೆ ಎಷ್ಟೆಂದು ಒಮ್ಮೆ ತಿಳಿದುಕೊಂಡರೆ ಐದು ನಿಮಿಷದ ಅನಿಶ್ಚಯ ತೊಂದರೆಯೇ ಅಲ್ಲ. ನನ್ನದು ಗುರುತಿಗಿಂತ ಸ್ವಲ್ಪ ಮೊದಲೇ ಬಡಿಯುತ್ತದೆ, ಪ್ರತಿಸಲ ಹೆಚ್ಚುಕಡಿಮೆ ಅಷ್ಟೇ ಮೊದಲು. ಕೆಲಸ ಆಗಬೇಕಾದ ಹೊತ್ತಿಗೆ ಇಡದೆ, ಎದ್ದು ಹೊರಡಬೇಕಾದ ಹೊತ್ತಿಗೆ ಇಡುವ ಅಭ್ಯಾಸ ಮಾಡಿಕೊಳ್ಳಿ.

ಇದಕ್ಕೆ ಹೇಳಿಮಾಡಿಸಿದ ಬಳಕೆ ನಾನು ಕಂಡದ್ದು ಅಘನಾಶಿನಿ ಅಳಿವೆಯ ದಡದಲ್ಲಿ. ನನ್ನ ಸಹೋದ್ಯೋಗಿಯೊಬ್ಬರ ತಾಯಿ ನೀರು ಇಳಿದಾಗ ಬಳಚು (ಚಿಪ್ಪುಮೀನು) ಆರಿಸಲು ಹೋಗುವವರು. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ದಿನಾ ಒಂದೇ ಹೊತ್ತಿಗೆ ಕೂಗುವ ಅಲಾರಂ ಅಲ್ಲಿ ಕೆಲಸಕ್ಕೆ ಬಾರದು. ಅವರು ಅಲಾರಂ ಮುಳ್ಳನ್ನು ನಿನ್ನೆಯ ಜಾಗದಿಂದ ಒಂದು ಗಂಟೆಗೆ ತುಸು ಕಡಿಮೆ ಸರಿಸುತ್ತಾರೆ, ಚಾವಿ ಕೊಡುತ್ತಾರೆ, ಅಡುಗೆಮನೆಯ ಗೂಡಿನಲ್ಲಿ ಇಡುತ್ತಾರೆ. ನೀರಿಗೆ ಒಯ್ಯುವುದಿಲ್ಲ. ಪಂಚಾಂಗದ ತಿಥಿ ನೋಡಿ ನೀರಿನ ಹೊತ್ತು ಹೇಳಬಲ್ಲವರಿಗೆ ವಾಚು ಏನನ್ನೂ ಕಲಿಸಬೇಕಿಲ್ಲ, ಒಲೆಯ ಮುಂದಿರುವಾಗ ಒಮ್ಮೆ ಕರೆದರೆ ಸಾಕು.

ರಾತ್ರಿ ಇದನ್ನೇ ನಂಬಿ ಮಲಗಬೇಕಾದ ಪ್ರಸಂಗ ಬಂದರೆ ಒಂದು ಉಪಾಯ ಇದೆ. ದಿಂಬಿನ ಮೇಲೋ ಬಟ್ಟೆಯ ಮೇಲೋ ಇಡಬೇಡಿ, ಸದ್ದು ಹೀರಿಹೋಗುತ್ತದೆ. ಹಿತ್ತಾಳೆಯ ಕವಳದ (ಎಲೆ-ಅಡಿಕೆಯ) ಬಟ್ಟಲು ಖಾಲಿ ಮಾಡಿ ಅದರಲ್ಲಿ ವಾಚಿನ ಬೆನ್ನು ಲೋಹಕ್ಕೆ ತಾಗುವಂತೆ ಇಡಿ. ಇಡೀ ಬಟ್ಟಲೇ ಬಡಿಯುತ್ತದೆ. ಮನೆಯಲ್ಲಿ ಕವಳ ಹಾಕುವವರಿಲ್ಲದಿದ್ದರೆ ತೆಳು ಸ್ಟೀಲ್ ತಟ್ಟೆಯೂ ಆದೀತು. ರೈಲಿನಲ್ಲಿ ಕೈಗೇ ಕಟ್ಟಿಕೊಂಡು ಆ ಕೈಯನ್ನು ಕೆನ್ನೆಯಡಿ ಇಟ್ಟು ಮಲಗಿ: ಕುಮಟಾ ದಾಟಿ ಅಂಕೋಲಾ ಬರುವಷ್ಟರಲ್ಲಿ ಏಳಬೇಕಾದವರಿಗೆ ಇದು ಒಗ್ಗುತ್ತದೆ. ರೈಲು ತಡವಾದರೆ ಮುಳ್ಳು ಸರಿಸಿ ಮತ್ತೆ ಚಾವಿ ಕೊಡುವ ಕೆಲಸ ನಿಮ್ಮದು.

ತಾಳಮದ್ದಳೆಗೆ ಹೋಗುವಾಗ ಮಾತ್ರ ತಿರುಪು ಒಳಗೆ ಒತ್ತಿಕೊಂಡೇ ಹೋಗಿ. ಕರ್ಣ-ಶಲ್ಯರ ಸಂವಾದದ ನಡುವೆ ನಿಮ್ಮ ಮಣಿಕಟ್ಟು ಮಾತು ತೆಗೆದರೆ ಅರ್ಥಧಾರಿಗಳು ಬಿಡುವವರಲ್ಲ.

ಉಪ್ಪು, ಬೆವರು, ಮಳೆ

ಸ್ವಿಟ್ಜರ್ಲೆಂಡಿನವರು ಬರೆದ ಕೈಪಿಡಿಯಲ್ಲಿ ಕಾರವಾರ ಇಲ್ಲ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಮಳೆ ಇಲ್ಲದಾಗ ಬೆವರು, ಸದಾಕಾಲ ಸಮುದ್ರದ ಕಡೆಯ ಗಾಳಿ. ಸಾಮಾನ್ಯ ವಾಚಿಗೆ ನೀರು ನುಗ್ಗುವ ದಾರಿ ಒಂದು ತಿರುಪಿನದಾದರೆ ಪೋಲ್ಯೊಟ್ ಬಗೆಯದಕ್ಕೆ ಎರಡು. ಅಲಾರಂ ಸಿದ್ಧವಾಗಿರುವಾಗ ಮೇಲಿನ ತಿರುಪು ಹೊರಗೇ ಇರುತ್ತದೆ ಬೇರೆ. 1959ರ ಮೆಮೊವಾಕ್ಸ್ ಡೀಪ್ ಸೀ, 1961ರ ಕ್ರಿಕೆಟ್ ನಾಟಿಕಲ್ ಮುಂತಾದವು ಮುಳುಗುಗಾರರಿಗೆಂದೇ ಬಂದವು ನಿಜ. ಆದರೆ ನಿಮ್ಮ ಹಳೆಯ ವಾಚಿನ ರಬ್ಬರ್ ಉಂಗುರ ಎಂದೋ ಗಟ್ಟಿಯಾಗಿದೆ. ಯಾವುದನ್ನೂ ನೀರಿಗೆ ಒಯ್ಯಬೇಡಿ, ಕೈ ತೊಳೆಯುವಾಗಲೂ ಜೋಪಾನ.

ಜೂನ್ ಬಂತೆಂದರೆ ನಾನು ಪೋಲ್ಯೊಟ್ಟನ್ನು ದಿನಾ ಕಟ್ಟುವುದು ನಿಲ್ಲಿಸುತ್ತೇನೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್. ಕಿತ್ತಳೆ ಹಸಿರಾದರೆ, ನೀಲಿಯ ಬಗೆಯಾದರೆ ಗುಲಾಬಿಯಾದರೆ, ತೇವ ಕುಡಿದು ತುಂಬಿದೆ ಎಂದರ್ಥ. ಸಣ್ಣ ಕಾವಿನಲ್ಲಿ ಬಿಸಿಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಡುಗೆಗೆ ಬಳಸುವ ಪಾತ್ರೆಯಲ್ಲಿ ಮಾತ್ರ ಬೇಡ. ಅಕ್ಕಿಯೊಳಗೆ ಹುಗಿದಿಡಿ ಎನ್ನುವವರಿದ್ದಾರೆ. ಅಕ್ಕಿಯ ಹುಡಿ ತಿರುಪಿನ ಸಂದಿಗೆ ಹೋಗುತ್ತದೆ, ಬಿಟ್ಟುಬಿಡಿ. ಡಬ್ಬಿಯಲ್ಲಿದ್ದಾಗಲೂ ಆಗಾಗ ಹೊರಗೆ ತೆಗೆದು ಎರಡೂ ಚಾವಿ ಕೊಟ್ಟು ನಡೆಸಿ, ಒಮ್ಮೆ ಬಡಿಯಲು ಬಿಡಿ.

ಪೋಲ್ಯೊಟ್‌ಗಳ ಕವಚ ಹೆಚ್ಚಾಗಿ ಹಿತ್ತಾಳೆ, ಮೇಲೆ ಲೇಪ. ಬೆವರು ಲೇಪ ತಿಂದ ಜಾಗದಲ್ಲಿ ಹಸಿರು ಕಿಲುಬು ಕಾಣಿಸಿಕೊಳ್ಳುತ್ತದೆ, ಮೊದಲು ಪಟ್ಟಿಯ ಕೊಂಡಿಗಳ ಹತ್ತಿರ. ಬಿಚ್ಚಿದ ಕೂಡಲೆ ಒದ್ದೆಯಾಗಿ ಹಿಂಡಿದ ಬಟ್ಟೆಯಿಂದ ಒಮ್ಮೆ, ಒಣಬಟ್ಟೆಯಿಂದ ಒಮ್ಮೆ ಒರೆಸಿ. ಒಣಬಟ್ಟೆ ಒಂದರಿಂದಲೇ ಉಪ್ಪು ಹೋಗುವುದಿಲ್ಲ. ಸ್ಟೀಲ್ ಕವಚದ್ದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳಿ. ವಲ್ಕೇನ್ ಇದ್ದವರು ತೂತಿನ ಮುಚ್ಚಳಕ್ಕೆ ಹೆದರಬೇಕಿಲ್ಲ, ಅದರೊಳಗೆ ಇನ್ನೊಂದು ಮುಚ್ಚಳ ಇದೆ. ಆದರೆ ಆ ಎರಡರ ನಡುವೆ ಬೆವರಿನ ಕೊಳೆ ಕಟ್ಟಿಕೊಳ್ಳುತ್ತದೆ, ಸರ್ವಿಸಿಗೆ ಕೊಟ್ಟಾಗ ತಪ್ಪದೆ ತೆಗೆಸಿ.

ಚರ್ಮದ ಪಟ್ಟಿಗೆ ಆಷಾಢದಲ್ಲಿ ಬೂಸ್ಟು ಗ್ಯಾರಂಟಿ. ನೈಲಾನ್ ಒಳ್ಳೆಯದು, ಆದರೆ ವಾಚಿನ ಬೆನ್ನಿನಡಿ ಹಾಯುವ ಒಂದೇ ಉದ್ದ ಪಟ್ಟಿ ಬೇಡ. ಬಟ್ಟೆ ಅಡ್ಡ ಬಂದು ಚರ್ಮಕ್ಕೆ ತಾಗುವ ಕಂಪನ ಸತ್ತುಹೋಗುತ್ತದೆ. ಎರಡು ತುಂಡಿನದು ಹಾಕಿಸಿ, ಕೊಂಚ ಸಡಿಲ ಕಟ್ಟಿ. ತೀರ ಬಿಗಿಯಾದರೆ ಸದ್ದಿಲ್ಲ, ತೀರ ಸಡಿಲವಾದರೆ ಕಂಪನ ತಿಳಿಯುವುದಿಲ್ಲ.

ಗಾಜಿನ ಒಳಗೆ ಮಂಜು ಕಂಡರೆ ಬಿಸಿಲಿಗಿಟ್ಟು ಕಾಯಬೇಡಿ, ಅದೇ ದಿನ ರಿಪೇರಿಯವರ ಹತ್ತಿರ ಒಯ್ದು ಮುಚ್ಚಳ ತೆಗೆಸಿ. ಮಂಜು ಆರಿಹೋದರೂ ಉಪ್ಪು ಒಳಗುಳಿಯುತ್ತದೆ, ಉಕ್ಕಿನ ತಿರುಪುದಂಡಕ್ಕೆ ಅಷ್ಟು ಸಾಕು.

ರಿಪೇರಿಗೆ ಕೊಡುವಾಗ

"ಅಲಾರಂ ಭಾಗ ಬಿಟ್ಟು ಉಳಿದದ್ದು ಕ್ಲೀನ್ ಮಾಡಿಕೊಡುತ್ತೇನೆ" ಎಂದರೆ ವಾಪಸು ತನ್ನಿ. ಎರಡೂ ಡಬ್ಬಿ ಬಿಚ್ಚಿ ತೊಳೆದು ಎಣ್ಣೆ ಹಾಕದೆ ಅರ್ಧ ಸರ್ವಿಸ್ ಮಾಡಿಸಿದರೆ ದುಡ್ಡು ದಂಡ. ಕೊಡುವ ಮೊದಲು ವಾಚು ಬಡಿಯುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಎಷ್ಟು ಸೆಕೆಂಡು, ಎಷ್ಟು ಜೋರು. ತೆಗೆದುಕೊಳ್ಳುವಾಗ ಅಂಗಡಿಯ ಕಟ್ಟೆಯ ಮೇಲೆ ಬಡಿಸಿ ನೋಡಿ, ಬಳಿಕ ಕೈಗೆ ಕಟ್ಟಿಕೊಂಡು ಇನ್ನೊಮ್ಮೆ. ಕಟ್ಟೆಯ ಮೇಲೆ ಜೋರಾಗಿದ್ದು ಕೈಯಲ್ಲಿ ತೀರ ಸಪ್ಪೆ ಎನಿಸಿದರೆ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಲು ಹೇಳಿ. ದುಡ್ಡು ಕೊಡುವುದು ಆಮೇಲೆ.